ನಿಡೋಣಿಯ ಅಮೋಘಸಿದ್ದ ಯುದ್ಧವಿಮಾನ ಹಾರಿಸಿದ್ದು

ಅಮೋಘಸಿದ್ದನ ಕಣ್ಣು ಎಂಥವು ಎಂಬುದು ಮೊದಲು ಗೊತ್ತಾದದ್ದು ಅವನಪ್ಪ ಶಂಕರೆಪ್ಪನಿಗೆ. ನಿಡೋಣಿಯ ಹೊರಗೆ, ಕರಿಮಣ್ಣಿನ ಎರಿ ಹೊಲಗಳು ಮುಗಿದು ಕಲ್ಲುನೆಲದ ಮಡ್ಡಿ ಶುರುವಾಗುವಲ್ಲಿ ಅಪ್ಪ ಮಗ ಕುರಿ ಮೇಯಲು ಬಿಟ್ಟು ಕೂತಿದ್ದರು. ಎದುರಿನ ದಿಬ್ಬದ ಮೇಲೆ ಇನ್ನೊಂದು ಹಿಂಡು ಕಾಣಿಸಿತು. ನಡುವೆ ಮೈಲಿ ದೂರವಾದರೂ ಇತ್ತು. ಶಂಕರೆಪ್ಪನಿಗೆ ಅದು ಕರಿ ಕಂಬಳಿ ಹಾಸಿದಂತೆ ಕಂಡಿತು, ಅಷ್ಟೇ. ಎಂಟು ವರ್ಷದ ಹುಡುಗ ಎದ್ದು ನಿಂತ.

"ಯಪ್ಪಾ, ನಮ್ಮ ಕುಂಟ ಟಗರು ಅವರ ಹಿಂಡಿನ್ಯಾಗ ಸೇರೇತಿ ನೋಡು."

"ಸುಮ್ನ ಕುಂದ್ರಲೇ. ನಮ್ಮ ಟಗರು ಇಲ್ಲೇ ಇರಬೇಕು."

ಶಂಕರೆಪ್ಪ ತಿರುಗಿ ತನ್ನ ಹಿಂಡನ್ನು ಎರಡು ಸಲ ನೋಡಿದ. ಟಗರು ಇರಲಿಲ್ಲ. ದಿಬ್ಬ ಹತ್ತಿಹೋಗಿ ಅದನ್ನು ಎಳೆದುಕೊಂಡು ಬರುವಾಗ ಅವನಿಗೆ ಮಗನ ಮೇಲೆ ಹೆಮ್ಮೆಗಿಂತ ಸೋಜಿಗವೇ ಹೆಚ್ಚಾಗಿತ್ತು. ಅಷ್ಟು ದೂರದಿಂದ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಹುಡುಗ, "ಉಳಿದವು ಎಲ್ಲಾ ಒಂದ ತರಾ ನಡ್ಯಾಕತ್ತಾವ, ಅದೊಂದು ಬ್ಯಾರೆ ತರಾ ನಡದಿತ್ತು" ಎಂದ.

ಊರ ಶಾಲೆಯ ಸಂಗನಬಸವ ಮಾಸ್ತರರಿಗೆ ಈ ಕಣ್ಣಿನ ಸುದ್ದಿ ಗೊತ್ತಿರಲಿಲ್ಲ. ಹುಡುಗ ಲೆಕ್ಕದಲ್ಲಿ ಚುರುಕು ಎಂಬುದಷ್ಟೇ ಅವರಿಗೆ ಗೊತ್ತು. ೧೯೮೧ರಲ್ಲಿ ಅವರು ಒಂದು ಅರ್ಜಿ ಹಿಡಿದುಕೊಂಡು ಶಂಕರೆಪ್ಪನ ಮನೆಗೆ ಬಂದರು. ವಿಜಯಪುರವನ್ನು ಆಗ ಎಲ್ಲರೂ ಬಿಜಾಪುರ ಎನ್ನುತ್ತಿದ್ದರು. ಅಲ್ಲಿ ಸೈನಿಕ ಶಾಲೆ ಇದೆ, ಪರೀಕ್ಷೆ ಪಾಸಾದರೆ ಆರನೆಯ ತರಗತಿಗೆ ಸೇರಿಸಿಕೊಳ್ಳುತ್ತಾರೆ, ಬಡವರ ಮಕ್ಕಳಿಗೆ ಸರಕಾರದ ವಿದ್ಯಾರ್ಥಿವೇತನವೂ ಇದೆ ಎಂದು ವಿವರಿಸಿದರು.

"ಇಂವ ಹೋದ್ರ ಕುರಿ ಯಾರು ಕಾಯೋರ್ರಿ ಮಾಸ್ತರ?" ಎಂದ ಶಂಕರೆಪ್ಪ.

ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ ಹುಡುಗನ ಅವ್ವ ಗುರುಬಾಯಿ ಕೈ ನಿಲ್ಲಿಸದೆ ಹೇಳಿದಳು. "ನಾ ಕಾಯ್ತೀನಿ. ಕುರಿ ಏನು ಗಂಡಸರ ಮಾತ ಅಷ್ಟ ಕೇಳ್ತಾವೇನು? ಅಂವ ಹೋಗ್ಲಿ."

ಮರುವರ್ಷದಿಂದ ಗುರುಬಾಯಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಗಂಡನ ಜೊತೆ ಮಡ್ಡಿಗೆ ಹೋಗತೊಡಗಿದಳು. ಅಮೋಘಸಿದ್ದ ಪರೀಕ್ಷೆ ಪಾಸಾಗಿ, ಬೂಟು ಹಾಕಿಕೊಂಡು ಸೈನಿಕ ಶಾಲೆಯ ಪರೇಡ್ ಮೈದಾನಕ್ಕೆ ಇಳಿದ. ಅವು ಅವನ ಬದುಕಿನ ಮೊದಲ ಬೂಟುಗಳು. ಮೊದಲ ವಾರ ಕಾಲಲ್ಲಿ ಗುಳ್ಳೆ ಎದ್ದವು. ಅದಕ್ಕಿಂತ ಹೆಚ್ಚು ಕಾಡಿದ್ದು ಭಾಷೆ. ಹಿಂದಿ ಬಾರದು, ಇಂಗ್ಲಿಷಂತೂ ದೂರದ ಮಾತು. ಹಾಜರಿ ಕೂಗಿದಾಗ ಏನೆನ್ನಬೇಕು ಎಂದೂ ತಿಳಿಯದೆ ನಿಂತವನಿಗೆ ಪಕ್ಕದ ಮಂಚದ ಆಫ್ತಾಬ ಜೊತೆಯಾದ. ಗೋಳಗುಮ್ಮಟದ ಹತ್ತಿರದ ಓಣಿಯವನು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಬಾಯಿ ಬಿಟ್ಟರೆ ನಗೆ.

"ನೀ ನನಗ ಲೆಕ್ಕಾ ಹೇಳಿಕೊಡು. ನಾ ನಿನಗ ಹಿಂದಿ ಹೇಳಿಕೊಡ್ತೀನಿ. ಇಂಗ್ಲಿಷ್ ಇಬ್ಬರಿಗೂ ಬರೂದಿಲ್ಲ, ಅದನ್ನ ಕೂಡೇ ಬಡಿಯೂಣು" ಎಂದ ಆಫ್ತಾಬ.

ಇಬ್ಬರೂ ಏಳು ವರ್ಷ ಹಾಗೆಯೇ ಬಡಿದರು. ಅಮೋಘಸಿದ್ದನ ತಲೆಯಲ್ಲಿ ವಿಮಾನ ಹೊಕ್ಕದ್ದೂ ಅಲ್ಲಿಯೇ. ಹತ್ತನೆಯ ತರಗತಿಯಲ್ಲಿದ್ದಾಗ ವಾಯುಪಡೆಯ ಅಧಿಕಾರಿಯೊಬ್ಬರು ಶಾಲೆಗೆ ಬಂದು ಮಾತಾಡಿದ್ದರು. ಆಕಾಶದಲ್ಲಿ ಶತ್ರುವಿನ ವಿಮಾನವನ್ನು ಮೊದಲು ಕಂಡವನೇ ಅರ್ಧ ಗೆದ್ದಂತೆ ಎಂದು ಅವರು ಹೇಳಿದ್ದು ಅವನಿಗೆ ಬಹಳ ಹಿಡಿಸಿತು. ನೋಡುವುದೇ ಕೆಲಸವಾದರೆ ಅದು ತನಗೆ ಬರುತ್ತದೆ ಎಂದುಕೊಂಡ. ಆಫ್ತಾಬನೂ ಅದೇ ದಾರಿಗೆ ಬಿದ್ದ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಲಿಖಿತ ಪರೀಕ್ಷೆಯಲ್ಲಿ ಇಬ್ಬರೂ ಪಾಸಾದರು, ಸಂದರ್ಶನದಲ್ಲೂ ಪಾಸಾದರು. ಕೊನೆಗೆ ಕಣ್ಣಿನ ಪರೀಕ್ಷೆ. ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದು ಎಂದರೆ ಅಮೋಘಸಿದ್ದ ಕಟ್ಟಕಡೆಯ ಸಾಲನ್ನು ಓದಿ, ಅದರ ಕೆಳಗೆ ಇರುವೆ ಸಾಲಿನ ಹಾಗೆ ಅಚ್ಚಾಗಿದ್ದ ಛಾಪಖಾನೆಯ ಹೆಸರನ್ನೂ ಓದಿದ. ಡಾಕ್ಟರು ಎದ್ದು ಹೋಗಿ, ಹತ್ತಿರದಿಂದ ನೋಡಿ, ಸರಿ ಎಂದು ಖಾತ್ರಿ ಮಾಡಿಕೊಂಡು ಬಂದರು. ಆಫ್ತಾಬನಿಗೆ ಕೊನೆಯ ಮೂರು ಸಾಲು ಮಸುಕಾದವು.

ಇಬ್ಬರೂ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಆಮೇಲೆ ಆಫ್ತಾಬನೇ ಗೆಳೆಯನ ಬೆನ್ನಿಗೆ ಗುದ್ದಿದ. "ಹೋಗಲೇ. ನಮ್ಮಿಬ್ಬರ ಪಾಲಿಂದೂ ನೀನ ನೋಡಿ ಬಾ."

ಅವನು ಊರಿಗೆ ಮರಳಿ, ಓದು ಮುಗಿಸಿ, ಸ್ಟೇಷನ್ ರಸ್ತೆಯಲ್ಲಿ ಚಷ್ಮಾದ ಅಂಗಡಿ ಹಾಕಿದ. ಕಣ್ಣಿನಿಂದ ಕೆಟ್ಟವನು ಕಣ್ಣಿನಿಂದಲೇ ಬದುಕುತ್ತೇನೆ ಎಂದು ಈಗಲೂ ಗಿರಾಕಿಗಳ ಮುಂದೆ ನಗುತ್ತಾನೆ.

ಅಮೋಘಸಿದ್ದ ಖಡಕವಾಸ್ಲಾದಲ್ಲಿ ಮೂರು ವರ್ಷ, ಆಮೇಲೆ ಹೈದರಾಬಾದಿನ ಹತ್ತಿರ ವಾಯುಪಡೆಯ ಅಕಾಡೆಮಿಯಲ್ಲಿ ಹಾರಾಟ ಕಲಿತ. ಮೊದಲ ಸಲ ಒಬ್ಬನೇ ವಿಮಾನ ಎತ್ತಿದ ದಿನ ಅವನಿಗೆ ಭಯವಾಗಲಿಲ್ಲ. ಪಕ್ಕದ ಆಸನ ಖಾಲಿ ಇರುವುದು ಕಂಡು ಜೋರಾಗಿ ಹಾಡಬೇಕು ಎನಿಸಿತು, ಹಾಡಿದ. ರೇಡಿಯೋ ಗುಂಡಿ ಒತ್ತಿಯೇ ಇತ್ತು. ಡೊಳ್ಳಿನ ಪದವನ್ನು ಕಂಟ್ರೋಲ್ ಟವರಿನವರೆಲ್ಲ ಕೇಳಿದರು. ಇಳಿದ ಮೇಲೆ ಶಿಕ್ಷೆಯಾಗಿ ಮೈದಾನ ಸುತ್ತಿ ಹತ್ತು ಸಲ ಓಡಿಸಿದರು. ಓಡುವಾಗಲೂ ನಗುತ್ತಿದ್ದ. ೧೯೯೩ರಲ್ಲಿ ಅವನ ಎದೆಗೆ ರೆಕ್ಕೆಯ ಬಿಲ್ಲೆ ಬಂತು, ಎರಡು ವರ್ಷಕ್ಕೆ ಮಿಗ್ ವಿಮಾನದ ಕಾಕ್‌ಪಿಟ್ ಸಿಕ್ಕಿತು.

ಮದುವೆಗೆ ಹೆಣ್ಣು ನೋಡಲು ಟಿಕೋಟಾಕ್ಕೆ ಹೋದದ್ದು ೧೯೯೭ರಲ್ಲಿ. ಹುಡುಗಿಯ ತಂದೆ ಮಲಕಾಜಪ್ಪ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರ. ಎರಡು ಎಕರೆ ದ್ರಾಕ್ಷಿಯೂ ಇತ್ತು. ಹುಡುಗ, ಮನೆತನ ಎಲ್ಲ ಒಪ್ಪಿಗೆಯಾಗಿತ್ತು. ನೌಕರಿಯೊಂದೇ ಅವರಿಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

"ವಿಮಾನ ಅಂದ್ರ, ಜನಾ ಕೂಡೂ ದೊಡ್ಡ ವಿಮಾನ ಇರ್ತಾವಲ್ಲ, ಅದಕ್ಕ ಬದಲಿ ಮಾಡಿಸಿಕೊಳ್ಳಾಕ ಬರೂದಿಲ್ಲೇನ್ರಿ?" ಎಂದು ಅವರು ಮೆಲ್ಲಗೆ ಕೇಳಿದರು.

"ಬರ್ತೈತ್ರಿ ಮಾವಾರ. ಆದ್ರ ನನಗ ಮನಸಿಲ್ಲ."

ಆಗ ಒಳಮನೆಯ ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದ ಮಹಾನಂದಾ ತಾನೇ ಬಾಯಿ ಬಿಟ್ಟಳು. ವಿಜ್ಞಾನ ಓದಿದ ಹುಡುಗಿ. "ನಿಮ್ಮ ವಿಮಾನಕ್ಕ ಎಂಜಿನ್ ಎಷ್ಟರಿ?"

"ಒಂದ."

"ಅದು ನಿಂತ್ರ?"

"ಕುರ್ಚಿ ಸಮೇತ ಹೊರಗ ಚಿಮ್ಮಿಸಿಕೊಳ್ಳೂದು. ಪ್ಯಾರಾಶೂಟ್ ಬಿಚ್ಚತೈತಿ."

"ಚಿಮ್ಮಿಸಿಕೊಂಡು ನೋಡೀರೇನು?"

"ಇನ್ನೂ ಇಲ್ಲ."

ಮಹಾನಂದಾಳಿಗೆ ನಗು ಬಂತು. ಸುಳ್ಳು ಧೈರ್ಯ ಹೇಳದ ಗಂಡಸು ಇವನು ಎಂದು ಆ ಕ್ಷಣವೇ ಅನಿಸಿತಂತೆ. ಚಹ ಕೊಟ್ಟು ಒಳಗೆ ಹೋಗಿ ಅವ್ವನಿಗೆ ಹೂಂ ಎಂದಳು.

ಎರಡು ವರ್ಷಕ್ಕೆ ಕಾರ್ಗಿಲ್ ಯುದ್ಧ ಬಂತು. ಅಮೋಘಸಿದ್ದನಿಗೆ ಆಗ ಇಪ್ಪತ್ತೇಳು ವರ್ಷ, ಫ್ಲೈಟ್ ಲೆಫ್ಟಿನೆಂಟ್ ಹುದ್ದೆ. ಮಹಾನಂದಾ ಚೊಚ್ಚಲ ಬಾಣಂತನಕ್ಕೆ ಟಿಕೋಟಾದಲ್ಲಿದ್ದಳು, ಮಗಳು ಲಕ್ಷ್ಮಿಗೆ ಹನ್ನೊಂದು ದಿನ. ಸ್ಕ್ವಾಡ್ರನ್ ಕಾಶ್ಮೀರದ ವಿಮಾನ ನೆಲೆಗೆ ಹೊರಟಿತು. ಹೋಗುವ ಮುನ್ನ ಫೋನ್ ಮಾಡಿದ. ಎಲ್ಲಿಗೆ, ಏನು ಎಂದು ಹೇಳುವಂತಿರಲಿಲ್ಲ.

"ಕೂಸು ಹೆಂಗೈತಿ?"

"ಭಾಳ ಅಳತೈತಿ. ನಿಮ್ಮಂಗ ದೊಡ್ಡ ದನಿ." ಮಹಾನಂದಾ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, "ದಿನಾ ಟೀವಿ ನೋಡಾಕತ್ತೇವ್ರಿ. ನೀವು ಏನೂ ಹೇಳಬ್ಯಾಡ್ರಿ. ಉಂಡೀರೇನು, ಅಷ್ಟು ಹೇಳ್ರಿ" ಎಂದಳು.

"ಉಂಡೇನಿ."

"ಹಂಗಾದ್ರ ಹೋಗಿ ಬರ್ರಿ."

ಅಲ್ಲಿಯ ಯುದ್ಧ ಯಾವ ಪುಸ್ತಕದಲ್ಲೂ ಇಲ್ಲದ ಯುದ್ಧವಾಗಿತ್ತು. ಶತ್ರು ಕೂತದ್ದು ಹದಿನಾರು, ಹದಿನೇಳು ಸಾವಿರ ಅಡಿ ಎತ್ತರದ ಕೋಡುಗಲ್ಲುಗಳ ಮೇಲೆ. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ವಿಮಾನವೂ ಬೇರೆ ತರಹ ತಿರುಗುತ್ತದೆ, ಬಾಂಬೂ ಬೇರೆ ಕಡೆ ಬೀಳುತ್ತದೆ. ಮೈದಾನದಲ್ಲಿ ಗುರಿ ಹಿಡಿಯಲು ಕಲಿತವರು ಎಲ್ಲವನ್ನೂ ಮತ್ತೆ ಕಲಿಯಬೇಕಾಯಿತು. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳು ಬಂಡೆಗಳ ಸಂದಿಯಿಂದ ಮೇಲೇರಿ ಬರುತ್ತಿದ್ದವು. ಮೊದಲ ಎರಡು ಹಾರಾಟಗಳಲ್ಲಿ ಅಮೋಘಸಿದ್ದ ಹಿರಿಯರ ಹಿಂದೆ ಹೋಗಿ ಬಂದ. ಮೂರನೆಯದಕ್ಕೆ ಅವನೇ ಮುಂದಾಳು. ಹಿಂದೆ ಎರಡನೆಯ ವಿಮಾನದಲ್ಲಿ ಮಿಲಿಂದ ಎಂಬ ಕಿರಿಯ. ಮಹಾರಾಷ್ಟ್ರದ ಮಿರಜ್ ಊರಿನ ಕಡೆಯವನು, ಮಾತು ಕಡಿಮೆ, ಕೈ ಗಟ್ಟಿ.

ಬೆಳಿಗ್ಗೆ ಏಳಕ್ಕೆ ನಕ್ಷೆ ಬಿಚ್ಚಿ ಗುರಿ ತೋರಿಸಿದರು. ಒಂದು ಬಂಡೆಯ ಸಾಲು. ಅದರ ಕೆಳಗಿನ ಹಿಮದ ಇಳಿಜಾರಿನಲ್ಲಿ ಶತ್ರುಗಳು ಹೊಸ ಠಾಣ್ಯ ಕಟ್ಟುತ್ತಿದ್ದಾರೆ ಎಂಬ ಸುದ್ದಿ ಬಂದಿತ್ತು. ನಮ್ಮ ಸೈನಿಕರು ಇನ್ನೂ ಒಂದು ಕಿಲೋಮೀಟರು ಕೆಳಗಿದ್ದಾರೆ ಎಂದು ನಕ್ಷೆಯ ನೀಲಿ ಗೆರೆ ಹೇಳುತ್ತಿತ್ತು.

ಎಂಟೂವರೆಗೆ ಅವರು ಗುರಿಯ ಮೇಲಿದ್ದರು. ಆಕಾಶ ತೊಳೆದಿಟ್ಟಂತಿತ್ತು. ಅಮೋಘಸಿದ್ದ ವಿಮಾನದ ಮೂಗು ಕೆಳಗೆ ಮಾಡಿ ಎರಗಿದ. ಬಂಡೆಯ ಸಾಲು ಕಂಡಿತು, ಇಳಿಜಾರು ಕಂಡಿತು, ಇಳಿಜಾರಿನಲ್ಲಿ ಕರಿ ಚುಕ್ಕೆಗಳೂ ಕಂಡವು. ಎಲ್ಲ ಹೇಳಿದ ಹಾಗೆಯೇ. ಹೆಬ್ಬೆರಳು ಗುಂಡಿಯ ಮೇಲಿತ್ತು. ಆದರೆ ಆ ಚುಕ್ಕೆಗಳಿಗೆ ಒಂದು ಬಾಲವಿತ್ತು. ಹಿಮದ ಮೇಲೆ ನೂಲಿನಷ್ಟು ತೆಳ್ಳಗೆ ಒಂದು ಗೆರೆ. ಮಡ್ಡಿಯಲ್ಲಿ ಹಿಂಡು ಹಾದುಹೋದ ಜಾಡು ಎದುರು ದಿಬ್ಬದಿಂದ ಹೀಗೆಯೇ ಕಾಣುತ್ತದೆ. ಆ ಗೆರೆ ಬಂಡೆಯ ಕಡೆಯಿಂದ ಇಳಿದು ಬಂದಿರಲಿಲ್ಲ. ತೆಂಕಣದ ಕಣಿವೆಯಿಂದ, ನಮ್ಮ ಕಡೆಯಿಂದ, ಮೇಲಕ್ಕೆ ಹತ್ತಿತ್ತು. ಚುಕ್ಕೆಗಳಲ್ಲಿ ಮುಗಿದಿತ್ತು. ಬಂಡೆಗೂ ಚುಕ್ಕೆಗಳಿಗೂ ನಡುವೆ ಹಿಮ ಮುಟ್ಟಿದ ಗುರುತೇ ಇರಲಿಲ್ಲ.

ಇದನ್ನೆಲ್ಲ ನೋಡಲು ಅವನಿಗೆ ಸಿಕ್ಕದ್ದು ಮೂರು ಸೆಕೆಂಡು, ಹೆಚ್ಚೆಂದರೆ ನಾಲ್ಕು. ಹೆಬ್ಬೆರಳು ಎತ್ತಿದ, ವಿಮಾನದ ಹಿಡಿಗೋಲನ್ನು ಎದೆಗೆ ಎಳೆದುಕೊಂಡ. "ಹಾಕಬೇಡ, ಹಾಕಬೇಡ, ನನ್ನ ಹಿಂದೆಯೇ ಬಾ" ಎಂದು ರೇಡಿಯೋದಲ್ಲಿ ಮಿಲಿಂದನಿಗೆ ಎರಡು ಸಲ ಹೇಳಿದ. ಎರಡನೆಯ ವಿಮಾನವೂ ಬಂಡೆಗಳನ್ನು ಸವರಿಕೊಂಡು ಮೇಲೆದ್ದಿತು. ಮರಳುವ ದಾರಿಯಲ್ಲಿ, ಅದಕ್ಕೆಂದೇ ಗುರುತು ಹಾಕಿದ್ದ ಬಂಜರು ಕೊರಕಲಿನಲ್ಲಿ ಬಾಂಬುಗಳನ್ನು ಕೆಡವಿ ಇಬ್ಬರೂ ನೆಲೆಗೆ ಇಳಿದರು.

ಕಮಾಂಡಿಂಗ್ ಅಧಿಕಾರಿ ಕೋಪಿಷ್ಠರಲ್ಲ, ಆದರೆ ಅಂದು ಅವರ ಮುಖ ಬಿಗಿದಿತ್ತು. ಆ ಗುರಿಯ ಮೇಲೆ ಬಾಂಬು ಬಿದ್ದರೆ ಮಾತ್ರ ಕೆಳಗಿನ ಸೈನ್ಯ ಮುಂದೆ ಹೆಜ್ಜೆ ಇಡಬೇಕೆಂಬ ಏರ್ಪಾಡಿತ್ತು.

"ಗುರಿ ಕಾಣಲಿಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದರು.

"ಕಂಡಿತು ಸರ್. ಅವರು ನಮ್ಮವರು."

"ನಿನಗೆ ಹೇಗೆ ಗೊತ್ತು?"

"ಜಾಡು ನಮ್ಮ ಕಡೆಯಿಂದ ಹತ್ತಿದೆ ಸರ್."

ಅವರು ನಕ್ಷೆ ನೋಡಿದರು. ಮಿಲಿಂದನತ್ತ ತಿರುಗಿದರು. ತನಗೆ ಚುಕ್ಕೆ ಮಾತ್ರ ಕಂಡವು, ಜಾಡು ಕಾಣಲಿಲ್ಲ ಎಂದು ಮಿಲಿಂದ ಇದ್ದದ್ದನ್ನು ಇದ್ದಂತೆ ಹೇಳಿದ. ನೀನು ಹೇಳಿದ್ದು ತಪ್ಪಾಗಿದ್ದರೆ ಏನಾಗುತ್ತದೆ ಗೊತ್ತೇ ಎಂದು ಅಧಿಕಾರಿ ಕೇಳಿದರು. ಗೊತ್ತು ಎಂದ ಅಮೋಘಸಿದ್ದ. ಬೇಕಾದರೆ ಸಂಜೆಗೆ ಮತ್ತೆ ಕಳಿಸಿ, ಅವರು ನಮ್ಮವರಲ್ಲ ಎಂದು ತಿಳಿದ ಗಳಿಗೆಯಲ್ಲೇ ಹಾಕಿ ಬರುತ್ತೇನೆ ಎಂದೂ ಸೇರಿಸಿದ. ಕಂಡದ್ದು ಕಂಡದ್ದೇ ಎಂಬ ವಿಷಯದಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೂ ಮಧ್ಯಾಹ್ನದ ಊಟ ಸೇರಲಿಲ್ಲ.

ನಾಲ್ಕು ಗಂಟೆಗೆ ಸೈನ್ಯದಿಂದ ಸಂದೇಶ ಬಂತು. ಹಿಂದಿನ ದಿನ ರೇಡಿಯೋ ಕೆಟ್ಟ ಒಂದು ತುಕಡಿ, ಹೇಳಲು ದಾರಿಯಿಲ್ಲದೆ, ರಾತ್ರಿಯೆಲ್ಲ ಹತ್ತಿ ಬಂಡೆಯ ಕೆಳಗೆ ತಲುಪಿತ್ತು. ಮೂವತ್ತನಾಲ್ಕು ಜನ. ಬೆಳಿಗ್ಗೆ ನಮ್ಮದೇ ಎರಡು ವಿಮಾನ ತಲೆಯ ಮೇಲೆ ಎರಗಿ, ಏನೂ ಮಾಡದೆ ಎದ್ದುಹೋದದ್ದನ್ನು ಅವರು ಹಿಮಕ್ಕೆ ಮೈ ಒತ್ತಿ ಮಲಗಿ ನೋಡಿದ್ದರು. ಅಧಿಕಾರಿ ಆ ಕಾಗದವನ್ನು ಅಮೋಘಸಿದ್ದನ ಕೈಗೇ ಕೊಟ್ಟರು. ಅವನ ಹೆಗಲನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಹೊರಗೆ ಹೋದರು. ಅವನು ಮಿಲಿಂದನ ಜೊತೆ ಕೂತು, ಇಬ್ಬರ ಪಾಲಿನ ಊಟವನ್ನೂ ಉಂಡ.

ಮರುದಿನ ಬೆಳಿಗ್ಗೆ ಅವನೇ ಮತ್ತೆ ಹೋದ. ಈ ಸಲ ನೀಲಿ ಗೆರೆ ಸರಿಯಾದ ಜಾಗದಲ್ಲಿತ್ತು. ಬಂಡೆಯ ಸಾಲಿನ ಹಿಂದೆ ಗುಡಾರಗಳಿದ್ದವು, ಮದ್ದುಗುಂಡಿನ ರಾಶಿಯಿತ್ತು, ಮನುಷ್ಯರಿದ್ದರು. ಅವನು ಗುಂಡಿ ಒತ್ತಿದ. ಬಾಂಬುಗಳು ಗುರಿ ಇಟ್ಟಲ್ಲೇ ಬಿದ್ದವು. ಮೇಲೆದ್ದು ತಿರುಗುವಾಗ ಹಿಮದ ಮೇಲೆ ಹೊಗೆ ಹರಡಿದ್ದು ಕಂಡಿತು. ಎರಡು ದಿನಕ್ಕೆ ಆ ಮೂವತ್ತನಾಲ್ಕು ಜನ ಬಂಡೆಯ ಮೇಲಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಅಮೋಘಸಿದ್ದ ಹದಿನೇಳು ಸಲ ಹಾರಿದ್ದ. ಹದಿನೇಳು ಸಲವೂ ವಿಮಾನವನ್ನು ಮರಳಿ ತಂದಿದ್ದ.

ನಿಡೋಣಿಗೆ ಬಂದಾಗ ಊರವರು ಹಲಗೆ ಬಾರಿಸಿ ಕರೆದುಕೊಂಡು ಹೋದರು. ಗುರುಬಾಯಿ ಅವನ ಕೆನ್ನೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿ, "ಸೊರಗೀಯಲ್ಲೋ ಯಪ್ಪಾ" ಎಂದಳು. ಶಂಕರೆಪ್ಪನಿಗೆ ಬಾಂಬು, ಕ್ಷಿಪಣಿ ಯಾವುದೂ ಬೇಕಿರಲಿಲ್ಲ. ಹಿಮದ ಮೇಲಿನ ಜಾಡಿನ ಕಥೆಯನ್ನು ಮಾತ್ರ ಮೂರು ಸಲ ಹೇಳಿಸಿದ.

ಪೆಟ್ಟು ಬಿದ್ದದ್ದು ಶಾಂತಿಕಾಲದಲ್ಲಿ. ೨೦೦೪ರ ಒಂದು ಮುಂಜಾನೆ ರಾಜಸ್ಥಾನದಲ್ಲಿ, ನೆಲ ಬಿಟ್ಟು ಅರ್ಧ ನಿಮಿಷವೂ ಆಗಿರಲಿಲ್ಲ, ದೊಡ್ಡ ಹದ್ದೊಂದು ಎಂಜಿನ್ನಿನ ಬಾಯಿಗೆ ಬಿತ್ತು. ಎಂಜಿನ್ ಕೆಮ್ಮಿ ನಿಂತೇಬಿಟ್ಟಿತು. ಎದುರಿಗೆ ಒಂದು ಹಳ್ಳಿ. ಅಮೋಘಸಿದ್ದ ಉಳಿದ ವೇಗದಲ್ಲಿ ವಿಮಾನದ ಮೂಗನ್ನು ಮರಳಿನ ಬಯಲಿಗೆ ತಿರುಗಿಸಿದ. ತಿರುಗಿತು ಎಂದು ಖಾತ್ರಿಯಾದ ಮೇಲೆಯೇ ತೊಡೆಗಳ ನಡುವಿನ ಹಿಡಿಕೆ ಎಳೆದ. ಕುರ್ಚಿ ಅವನನ್ನು ಆಕಾಶಕ್ಕೆ ಒದೆಯಿತು. ಪ್ಯಾರಾಶೂಟ್ ಬಿಚ್ಚಿ ಎರಡು ಉಸಿರು ಎಳೆಯುವಷ್ಟರಲ್ಲಿ ನೆಲ ಬಂದು ಬಡಿಯಿತು.

ಕಣ್ಣು ಬಿಟ್ಟಾಗ ಕೆಂಪು ಪಗಡಿಯ ಮುದುಕನೊಬ್ಬ ಬಾಗಿ ನೋಡುತ್ತಿದ್ದ. ಅವನ ಹಿಂದೆ ಕುರಿಗಳು. ಆಸ್ಪತ್ರೆಯ ಹೆಲಿಕಾಪ್ಟರ್ ಬರುವ ತನಕ ಮುದುಕ ತನ್ನ ಪಗಡಿ ಬಿಚ್ಚಿ ಬಿಸಿಲಿಗೆ ಅಡ್ಡ ಹಿಡಿದು ನಿಂತಿದ್ದ. ಅಮೋಘಸಿದ್ದ ಅಂಗಾತ ಮಲಗಿಕೊಂಡೇ ಕುರಿಗಳ ತಳಿ ಯಾವುದು, ಮರಿ ಎಷ್ಟು ತಿಂಗಳಿನವು ಎಂದೆಲ್ಲ ಕೇಳಿದ. ಪೈಲಟನಿಗೆ ತಲೆಗೆ ಪೆಟ್ಟಾಗಿದೆ ಎಂದೇ ಆ ಮುದುಕ ಬಂದವರಿಗೆ ಹೇಳಿದನಂತೆ.

ತಲೆಗೆ ಆಗಿರಲಿಲ್ಲ, ಬೆನ್ನಿಗೆ ಆಗಿತ್ತು. ಬೆನ್ನುಮೂಳೆಯ ಎರಡು ಮಣಿಗಳು ಕುಸಿದು ಎತ್ತರವೇ ಅರ್ಧ ಇಂಚು ಕಡಿಮೆಯಾಗಿತ್ತು. ಮಹಾನಂದಾ ಆಸ್ಪತ್ರೆಗೆ ಬಂದವಳು ಅವನನ್ನು ಅಡಿಯಿಂದ ಮುಡಿಯ ತನಕ ನೋಡಿ, "ಅಂತೂ ಚಿಮ್ಮಿಸಿಕೊಂಡು ನೋಡಿದ್ರಿ" ಎಂದಳು. ಹೇಳಿದ ಮೇಲೆ ಅತ್ತಳು. ಅವಳು ಅತ್ತದ್ದನ್ನು ಅವನು ಕಂಡದ್ದು ಅದೊಂದೇ ಸಲ.

ಡಾಕ್ಟರು ವರ್ಷದ ಮಾತು ಹೇಳಿದರು. ವಾಸಿಯಾದರೆ ಹಾರಬಹುದು, ಇಲ್ಲವಾದರೆ ಮೇಜಿನ ಕೆಲಸ. ಅಮೋಘಸಿದ್ದ ರಜೆಯ ಮೇಲೆ ವಿಜಯಪುರಕ್ಕೆ ಬಂದು ಮನೆ ಹಿಡಿದ. ಮೊದಲ ತಿಂಗಳು ಅವನು ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿರುತ್ತಿದ್ದ. ಒಂದು ಬೆಳಿಗ್ಗೆ ಆಫ್ತಾಬ ಬಂದು ಟವೆಲ್ ಕಿತ್ತೆಸೆದ.

"ಏಳಲೇ. ಗುಮ್ಮಟದ ಗೇಟು ತಗದಾರ. ನಡಿ."

"ಬೆನ್ನು ನೋಯ್ತೈತಿ ಆಫ್ತಾಬ."

"ನೋಯ್ಲಿ. ಕೂತ್ರೂ ನೋಯ್ತೈತಿ, ನಡದ್ರೂ ನೋಯ್ತೈತಿ. ನಡದು ನೋಯಿಸಿಕೋ."

ಮೊದಲು ಗೋಳಗುಮ್ಮಟದ ಹುಲ್ಲುಹಾಸಿನ ಸುತ್ತ ಒಂದು ಸುತ್ತು. ತಿಂಗಳ ಮೇಲೆ ಹತ್ತು ಸುತ್ತು. ಬೆನ್ನಿನ ಡಾಕ್ಟರು ಮೆಟ್ಟಿಲು ಹತ್ತಲು ಒಪ್ಪಿದ ದಿನ ಇಬ್ಬರೂ ಮೂಲೆಯ ಗೋಪುರದ ಬುಡಕ್ಕೆ ಬಂದು ನಿಂತರು. ಒಳಗೆ ಸುರುಳಿ ಸುತ್ತುವ ಇಕ್ಕಟ್ಟಿನ ಮೆಟ್ಟಿಲು, ಏಳು ಅಂತಸ್ತು. ಮೊದಲ ದಿನ ಎರಡು ಅಂತಸ್ತಿಗೆ ಬೆವರಿಳಿದು ಕೂತ. ಆಫ್ತಾಬ ಕೆಳಗಿನ ಮೆಟ್ಟಿಲಲ್ಲಿ ಕೂತು ಕಡಲೆ ಜಗಿಯುತ್ತಿದ್ದ. ಎಂಟನೆಯ ತಿಂಗಳು ಅಮೋಘಸಿದ್ದ ಕೈ ಆಸರೆಯಿಲ್ಲದೆ ತುದಿಯ ತನಕ ಹತ್ತಿ, ಇಡೀ ಊರನ್ನು ಕೆಳಗೆ ಹಾಸಿಕೊಂಡು ನಿಂತ. ಹನ್ನೊಂದನೆಯ ತಿಂಗಳು ವೈದ್ಯರ ಮಂಡಳಿ ಹಾರಲು ಯೋಗ್ಯ ಎಂದು ಬರೆದುಕೊಟ್ಟಿತು.

ಆಮೇಲೆ ಅವನು ಕೇಳಿ ಪಡೆದದ್ದು ಶಿಕ್ಷಕನ ಕೆಲಸ. ಬೀದರಿನ ವಿಮಾನ ನೆಲೆಯಲ್ಲಿ, ಯುದ್ಧವಿಮಾನ ಹಾರಿಸಲು ಬರುವ ಹೊಸ ಹುಡುಗರಿಗೆ ಕಲಿಸುವುದು. ಅವನ ಕೈಯಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಕಲಿತರು. ಅವರಲ್ಲಿ ಒಬ್ಬನೂ ಅವನ ಮುಂದೆ ಕಾಣದ್ದನ್ನು ಕಂಡೆ ಎಂದು ಹೇಳಿ ದಕ್ಕಿಸಿಕೊಳ್ಳಲಿಲ್ಲ. ಗೊತ್ತಿಲ್ಲ ಎಂದವನನ್ನು ಅವನು ಬೈಯುತ್ತಿರಲಿಲ್ಲ. ಗೊತ್ತಿದ್ದಂತೆ ನಟಿಸಿದವನಿಗೆ ಮಾತ್ರ ಇಡೀ ವಾರ ಬೈಗುಳ ತಪ್ಪುತ್ತಿರಲಿಲ್ಲ.

ಅಲ್ಲಿಗೆ ಒಮ್ಮೆ ಶಂಕರೆಪ್ಪ ಬಂದ. ತಲೆಗೆ ಪಟಕಾ ಸುತ್ತಿಕೊಂಡು ರನ್‌ವೇ ಬದಿಯಲ್ಲಿ ಮಗನ ಜೊತೆ ನಿಂತು ವಿಮಾನಗಳು ಏರಿ ಇಳಿಯುವುದನ್ನು ಬಹಳ ಹೊತ್ತು ನೋಡಿದ.

"ಇದರಾಗ ಎಷ್ಟು ಮಂದಿ ಕೂಡ್ತೀರಿ?"

"ಇಬ್ಬರು, ಯಪ್ಪಾ."

"ಮುಂದ ನೀ ಕೂಡ್ತಿ?"

"ಇಲ್ಲ. ಮುಂದ ಕಲಿಯೂ ಹುಡುಗ, ಹಿಂದ ನಾ."

ಶಂಕರೆಪ್ಪ ತಲೆದೂಗಿದ. "ಬರೋಬ್ಬರಿ ಐತಿ. ಕಾಯಾಂವ ಹಿಂದ ಇರಬೇಕು. ಮುಂದ ಹೋದ್ರ ಯಾವುದು ತಪ್ಪಿಸಿಕೊಂಡಿತು ಅನ್ನೂದು ತಿಳಿಯೂದಿಲ್ಲ."

ಮೂವತ್ತು ವರ್ಷ ಹೊರಗಿದ್ದವನಿಗೆ ಅಪ್ಪನಿಂದ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ.

೨೦೧೪ರಲ್ಲಿ ವಿಂಗ್ ಕಮಾಂಡರ್ ಆಗಿ ನಿವೃತ್ತನಾದ. ಶಂಕರೆಪ್ಪ ತೀರಿಕೊಂಡು ಈಗ ಕೆಲವು ವರ್ಷವಾಯಿತು. ಗುರುಬಾಯಿ ವಿಜಯಪುರದ ಮನೆಯಲ್ಲಿ ಮಗ ಸೊಸೆಯ ಜೊತೆಗಿದ್ದಾಳೆ, ಅಂಗಳದಲ್ಲಿ ಎರಡು ಆಡು ಕಟ್ಟಿಕೊಂಡಿದ್ದಾಳೆ. ಲಕ್ಷ್ಮಿ ಧಾರವಾಡದಲ್ಲಿ ಪಶುವೈದ್ಯೆ. ಅಮೋಘಸಿದ್ದ ಮಾವನ ದ್ರಾಕ್ಷಿ ತೋಟವನ್ನು ನೋಡಿಕೊಳ್ಳುತ್ತಾನೆ. ಸುಗ್ಗಿಯಲ್ಲಿ ಟಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲೇ ಇರುತ್ತಾನೆ. ಯಾವ ಗೊನೆ ಹಣ್ಣಾಯಿತೆಂದು ಬೇಲಿಯಾಚೆಯಿಂದಲೇ ಹೇಳುತ್ತಾನೆ ಎಂದು ಆಳುಗಳು ಬೆರಗಾಗುತ್ತಾರೆ. ಐವತ್ತು ದಾಟಿದ ಮೇಲೆ ಓದಲು ಮಾತ್ರ ಚಷ್ಮಾ ಬಂತು. ಆಫ್ತಾಬ ಅದನ್ನು ಕೊಡುವಾಗ ಅಂಗಡಿಯಲ್ಲಿದ್ದವರಿಗೆಲ್ಲ ಪೇಢೆ ಹಂಚಿದ.

ಹೋದ ಜುಲೈನಲ್ಲಿ ಬಬಲೇಶ್ವರದ ಒಂದು ಹೈಸ್ಕೂಲಿಗೆ ಕರೆದಿದ್ದರು, ಕಾರ್ಗಿಲ್ ದಿನದ ಭಾಷಣಕ್ಕೆ. ಅವನು ಭಾಷಣ ಮಾಡುವವನಲ್ಲ, ಪ್ರಶ್ನೆ ಕೇಳ್ರಿ ಎಂದ. ವೇಗ ಎಷ್ಟು, ಎತ್ತರ ಎಷ್ಟು, ಹೊಟ್ಟೆ ತೊಳಸುತ್ತದೆಯೇ, ಹೀಗೆ ಹುಡುಗರು ಕೇಳಿದರು. ಎಲ್ಲಕ್ಕೂ ನಗುನಗುತ್ತ ಉತ್ತರ ಹೇಳಿದ. ಕೊನೆಗೆ ಒಂಬತ್ತನೆಯ ತರಗತಿಯ ಶರ್ವರಿ ಎಂಬ ಹುಡುಗಿ ಎದ್ದಳು.

"ಸರ್, ನೀವು ಹಾಕಿದ ಬಾಂಬಿಗೆ ಎಷ್ಟು ಮಂದಿ ಸತ್ರು?"

ಹೆಡ್‌ಮಾಸ್ತರರು ಕುರ್ಚಿಯಿಂದ ಅರ್ಧ ಎದ್ದು, "ಏ, ಕುಂದ್ರವಾ" ಎಂದರು. ಅಮೋಘಸಿದ್ದ ಕೈ ಮಾಡಿ ಅವರನ್ನು ತಡೆದ.

"ಛಲೋ ಕೇಳಿದಿ. ಎಷ್ಟು ಮಂದಿ ಅನ್ನೂದು ನನಗ ಗೊತ್ತಿಲ್ಲವಾ. ಎಣಸಾಕ ನಾ ಕೆಳಗ ಇಳೀಲಿಲ್ಲ. ಆದ್ರ ಅಲ್ಲಿ ಮಂದಿ ಇದ್ರು, ನಾ ಕಂಡೇನಿ. ಅವರೂ ಯಾರದೋ ಮನಿ ಮಕ್ಕಳು. ಅವರು ಅಲ್ಲಿ ಕೂತಿದ್ರ ನಮ್ಮ ಮೂವತ್ತನಾಕು ಹುಡುಗರು ಮ್ಯಾಲೆ ಹೋಗಾಕ ಆಗತಿರಲಿಲ್ಲ. ಅದಕ್ಕ ಹಾಕಿದ್ನಿ. ಇವತ್ತು ಕೇಳಿದ್ರೂ ಹಾಕ್ತಿದ್ನಿ ಅಂತೇನಿ. ಆದ್ರ ಅದನ್ನ ಹೇಳುವಾಗ ಚಪ್ಪಾಳಿ ಹೊಡೀಬ್ಯಾಡ್ರಿ."

ಯಾರೂ ಹೊಡೆಯಲಿಲ್ಲ. ಹುಡುಗಿ ನಿಂತೇ ಇದ್ದಳು. "ಮತ್ತ ಹಾರಬೇಕು ಅನಸತೈತೇನ್ರಿ?"

"ದಿನಾ ಅನಸತೈತಿ" ಎಂದ ಅವನು. ಆಗ ಹುಡುಗರು ಚಪ್ಪಾಳೆ ಹೊಡೆದರು. ಅದನ್ನು ಅವನು ತಡೆಯಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತಾಗ ಮಹಾನಂದಾ ಏನೇನು ಕೇಳಿದರು ಎಂದು ವಿಚಾರಿಸಿದಳು. ಅವನು ಆ ಹುಡುಗಿಯ ಪ್ರಶ್ನೆಯನ್ನೂ ತನ್ನ ಉತ್ತರವನ್ನೂ ಹೇಳಿದ. ಅವಳು ರೊಟ್ಟಿ ಹಾಕುವುದನ್ನು ನಿಲ್ಲಿಸಿದಳು.

"ಇಷ್ಟು ವರ್ಷ ಆತು, ನೀವು ಹಾಕದೇ ಬಂದ ಬಾಂಬಿನ ಮಾತು ನೂರು ಸಲ ಹೇಳೀರಿ. ಹಾಕಿದ್ದರ ಮಾತು ನನಗ ಒಮ್ಮಿನೂ ಹೇಳಿಲ್ಲ."

"ನೀ ಕೇಳಿರಲಿಲ್ಲ."

"ಕೇಳಬಾರದು ಅಂತ ಕೇಳಿರಲಿಲ್ಲ. ಈಗ ಕೇಳಾಕತ್ತೇನಿ. ಹೇಳ್ರಿ."

ಅಮೋಘಸಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಮರುದಿನದ ಆ ಬೆಳಗಿನ ಹಾರಾಟವನ್ನು, ಬೂಟಿನ ದಾರ ಕಟ್ಟಿಕೊಂಡಲ್ಲಿಂದ ಶುರುಮಾಡಿ, ಒಂದನ್ನೂ ಬಿಡದೆ ಹೆಂಡತಿಗೆ ಹೇಳತೊಡಗಿದ.